ಗಮನಿಸಿದವರು

ಆರು ಮುಕ್ಕಾಲಿನ ಹೊತ್ತಿಗೆ ಅವಳು ಆಸ್ಪತ್ರೆಯ ಮೂರನೇ ಮಹಡಿಯ ಉದ್ದನೆಯ ಓಣಿಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದಳು, ಅದನ್ನು ಎಲ್ಲಿಡುವುದೆಂದು ತೋಚದೆ. ಎಡಗಡೆ, ಬಟ್ಟೆ ಕೋಣೆಗೆ ಅಂಟಿಕೊಂಡಂತೆ, ಪ್ರಾಕ್ಟಿಕಲ್ ನರ್ಸುಗಳು ಕೂರುವ ಕೋಣೆ. ಬಲಗಡೆ, ಕಿಟಕಿಗೆ ಪರದೆ ಇರುವ, ರಿಜಿಸ್ಟರ್ಡ್ ನರ್ಸುಗಳ ಕೋಣೆ. ಹನ್ನೊಂದು ವರ್ಷ ಅವಳ ಡಬ್ಬಿ ಎಡಗಡೆಯ ಕೋಣೆಯ ಕಬ್ಬಿಣದ ಕಪಾಟಿನ ಮೇಲೆ, ಮಡಚಿದ ದುಪ್ಪಟಿಗಳ ಸೋಪಿನ ವಾಸನೆಯ ನಡುವೆ ಕೂತಿತ್ತು. ಮೂರು ವರ್ಷದ ಹಿಂದೆ ಆ ಕೆಲಸ ಬಿಟ್ಟು ಕಾಲೇಜಿಗೆ ಸೇರಿದಳು. ಈಗ ಕೊನೆಯ ವರ್ಷದ ಕೊನೆಯ ತರಬೇತಿಗೆ ಅದೇ ಆಸ್ಪತ್ರೆ, ಅದೇ ಮಹಡಿ, ಆಪರೇಷನ್ ಆದವರನ್ನು ಮಲಗಿಸುವ ಅದೇ ವಾರ್ಡು ಅವಳ ಪಾಲಿಗೆ ಬಂದಿತ್ತು. ಬೂದು ಅಂಗಿ ಹೋಗಿ, ತೋಳಿಗೆ ನೀಲಿ ಪಟ್ಟಿ ಹೊಲಿದ ಬಿಳಿ ಅಂಗಿ ಬಂದಿತ್ತು. ಎಡಗಡೆಯವರು ಅವಳನ್ನು ಕಂಡೊಡನೆ ಮಾತು ನಿಲ್ಲಿಸಿ, ಎದ್ದು, ಜಾಗ ಮಾಡಿಕೊಡುತ್ತಿದ್ದರು. ನೆಂಟರಿಗೆ ಮಾತ್ರ ಹಾಗೆ ಜಾಗ ಮಾಡಿಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು. ಬಲಗಡೆಯವರು ಮಾತು ನಿಲ್ಲಿಸುತ್ತಿರಲಿಲ್ಲ, ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಹದಿಮೂರು ದಿನ ಅವಳು ಮೆಟ್ಟಿಲ ಬಳಿಯ ಕಿಟಕಿಗೆ ಒರಗಿ ನಿಂತೇ ಉಂಡಿದ್ದಳು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಇಲ್ಲಿ ದರಿಯೂ ಇರಲಿಲ್ಲ, ಪುಲಿಯೂ ಇರಲಿಲ್ಲ. ಎರಡು ಕಡೆಯೂ ಬರೀ ಕುರ್ಚಿಗಳು. ಅದನ್ನೇ ಗಂಡನಿಗೆ ಹೇಳಿದಾಗ ಅವನು, "ಮೂವತ್ತೇಳು ವರ್ಷಕ್ಕೆ ಶಾಲೆ ಹುಡುಗಿ ಥರ ಎಲ್ಲಿ ಕೂರ್ಲಿ ಅಂತ ಅಳ್ತಿದೀಯಲ್ಲೇ," ಎಂದು ನಕ್ಕಿದ್ದ. ನಕ್ಕಿದ್ದು ಸರಿಯೇ. ಅತ್ತೆಯಂತೂ ಮೂರು ವರ್ಷದಿಂದ ಒಂದೇ ಮಾತು: "ಇದ್ದ ಕೆಲ್ಸಾನೇ ಇನ್ನೊಂದು ಸಲ ಕಲಿಯೋಕೆ ಹೋಗ್ತಾರಾ ಯಾರಾದ್ರೂ?"

ಪ್ರಾಕ್ಟಿಕಲ್ ನರ್ಸ್ ಅಂದರೆ ಒಂದು ವರ್ಷದ ತರಬೇತಿ. ಮೈ ಒರೆಸುವುದು, ತಿನ್ನಿಸುವುದು, ಹಾಸಿಗೆ ಬದಲಿಸುವುದು, ಹೊರಳಿಸುವುದು, ಜ್ವರ ನಾಡಿ ನೋಡಿ ಅಂಕಿ ಬರೆಯುವುದು. ರಿಜಿಸ್ಟರ್ಡ್ ನರ್ಸ್ ಅಂದರೆ ಮೂರು ವರ್ಷ. ಆ ಅಂಕಿಗಳ ಅರ್ಥ ಹೇಳುವುದು. ಹನ್ನೊಂದು ವರ್ಷ ಅವಳು ಅಂಕಿ ಬರೆದಳು, ಬೇರೆಯವರು ಅರ್ಥ ಹೇಳಿದರು. ಇವತ್ತು ಬೆಳಿಗ್ಗೆ ಒಂಬತ್ತು ವರ್ಷದ ಮಗಳು ಹಲ್ಲುಜ್ಜುತ್ತಲೇ ಅವಳ ಓದಿನ ಚೀಟಿಗಳನ್ನು ಹಿಡಿದು, ಬಾಯಿ ತುಂಬ ನೊರೆ ಇಟ್ಟುಕೊಂಡು, "ಅಮ್ಮ, ಪಿತ್ತಕೋಶ ಎಲ್ಲಿದೆ?" ಎಂದು ಪ್ರಶ್ನೆ ಕೇಳಿದ್ದಳು. ಅವಳು ತನ್ನ ಹೊಟ್ಟೆಯ ಬಲಭಾಗ ಮುಟ್ಟಿ ತೋರಿಸಿದರೆ ಮಗಳು ತಲೆಯಾಡಿಸಿ, "ತೋರಿಸ್ಬಾರ್ದು, ಹೇಳ್ಬೇಕು. ಇವತ್ತು ಪರೀಕ್ಷೆ ನಿಂಗೆ," ಎಂದಿದ್ದಳು. ತೋರಿಸಬಾರದು, ಹೇಳಬೇಕು. ಮೂರು ವರ್ಷದ ಓದಿನ ಸಾರವೇ ಅಷ್ಟು ಎಂದು ಅವಳಿಗೆ ಬಸ್ಸಿನಲ್ಲಿ ಕೂತಾಗ ಅನ್ನಿಸಿತ್ತು. ಕೊನೆಗೆ ಡಬ್ಬಿಯನ್ನು ಕೈಚೀಲದೊಳಗೇ ತುರುಕಿ ವಾರ್ಡಿಗೆ ನಡೆದಳು.

ಪರೀಕ್ಷೆ ಎಂದರೆ ಎಂಟು ಗಂಟೆಗೆ ಕಾಲೇಜಿನಿಂದ ಮೇಡಂ ಬರುತ್ತಾರೆ, ಮೂರು ಗಂಟೆಯವರೆಗೆ ಹಿಂದೆಯೇ ನಡೆಯುತ್ತಾರೆ, ಏನೂ ಹೇಳುವುದಿಲ್ಲ, ಬರೆಯುತ್ತಾರೆ. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಕೆಂಪುಪೆನ್ನು. ಸಣಕಲು ಹೆಂಗಸು, ಕನ್ನಡಕಕ್ಕೆ ದಾರ, ಸದ್ದೇ ಮಾಡದ ಬೂಟು. ಅವರು ನಕ್ಕದ್ದನ್ನು ಕಂಡವರಿಲ್ಲ, ಬೈದದ್ದನ್ನು ಕೇಳಿದವರೂ ಇಲ್ಲ. ಅವರು ಬರುವ ಮೊದಲು ಆರು ರೋಗಿಗಳ ಪಟ್ಟಿ ತುಂಬಿರಬೇಕೆಂದು ಅವಳು ಏಳೂವರೆಗೆ ಗಾಡಿ ತಳ್ಳಿಕೊಂಡು ಹೊರಟಳು. ಜ್ವರವನ್ನು ಯಂತ್ರ ಹೇಳುತ್ತದೆ, ರಕ್ತದೊತ್ತಡವನ್ನೂ ನಾಡಿಯನ್ನೂ ಯಂತ್ರವೇ ಹೇಳುತ್ತದೆ. ಉಸಿರನ್ನು ಮಾತ್ರ ಯಾವ ಯಂತ್ರವೂ ಹೇಳುವುದಿಲ್ಲ. ರೋಗಿಯ ಎದೆ ನೋಡುತ್ತ, ಗಡಿಯಾರ ನೋಡುತ್ತ, ಒಂದು ನಿಮಿಷ ಸುಮ್ಮನೆ ನಿಂತು ಎಣಿಸಬೇಕು. ಯಾವ ಆಸ್ಪತ್ರೆಯಲ್ಲಿ ಯಾರಿಗೆ ಒಂದು ನಿಮಿಷ ಇದೆ? ಎಲ್ಲರೂ ಹದಿನೆಂಟು ಎಂದು ಬರೆಯುತ್ತಾರೆ. ಆ ವಾರ್ಡಿನಲ್ಲಿ ಮುದುಕರೂ ಹದಿನೆಂಟು, ಹುಡುಗರೂ ಹದಿನೆಂಟು. ಹದಿನೆಂಟೆಂದರೆ ಉಸಿರಾಡುತ್ತಿದ್ದಾರೆ, ಇನ್ನೂ ಸತ್ತಿಲ್ಲ ಎಂದಷ್ಟೇ ಅರ್ಥ. ಅವಳೂ ಬರೆದಳು. ಆರು ಜನಕ್ಕೂ ಹದಿನೆಂಟು. ಒಂಬತ್ತನೇ ಬೆಡ್ಡಿನಲ್ಲಿ ಕರುಳಿನ ಆಪರೇಷನ್ ಆಗಿ ನಾಲ್ಕು ದಿನವಾಗಿದ್ದ ಬಸ್ ಡ್ರೈವರ್ ಇದ್ದ. ಜ್ವರ ಒಂದು ಗೆರೆ ಹೆಚ್ಚು, ನಾಡಿ ತೊಂಬತ್ತಾರು, ಆಪರೇಷನ್ ಆದವರಿಗೆ ಅಷ್ಟು ಇರುವುದೇ. ಹದಿನೆಂಟು ಎಂದು ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಆಮೇಲೆ ಎಷ್ಟೋ ದಿನ ಅವಳನ್ನು ಕಾಡಿದ್ದು ಅದೇ: ಕೈ ನಡುಗಲಿಲ್ಲ.

ಬಿಸಿಗೈಯಕ್ಕ ನೀರಿನ ಬೋಗುಣಿ ಹಿಡಿದು ಹಿಂದೆಯೇ ಬಂದರು. ಆ ಹೆಸರು ಯಾರಿಟ್ಟದ್ದೋ, ಡಾಕ್ಟರುಗಳೂ ಹಾಗೇ ಕರೆಯುತ್ತಿದ್ದರು. ಐವತ್ತೇಳು ವರ್ಷ, ಅಗಲ ಬೆನ್ನು, ನಡೆಯುವಾಗ ಎಡಮಂಡಿ ಸ್ವಲ್ಪ ಎಳೆಯುತ್ತಿತ್ತು. ಮೂವತ್ತು ವರ್ಷದಿಂದ ಪ್ರಾಕ್ಟಿಕಲ್ ನರ್ಸು, ಇನ್ನೆರಡು ವರ್ಷ ಕಳೆದರೆ ನಿವೃತ್ತಿ. ಹದಿನಾಲ್ಕು ವರ್ಷದ ಹಿಂದೆ, ಮೊದಲ ದಿನ, ಅವಳು ರೋಗಿಯೊಬ್ಬಳ ಬೆನ್ನಿಗೆ ಕೈ ಹಚ್ಚಲು ಹೋದಾಗ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದ್ದವರು ಇವರೇ. "ಮೊದ್ಲು ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೋ. ತಣ್ಣಗಿರೋ ಕೈ ಇಟ್ರೆ ಮೈ ಬೆಚ್ಚಿಬೀಳತ್ತೆ. ಬೆಚ್ಚಿಬಿದ್ದ ಮೈ ನಿಜ ಹೇಳಲ್ಲ." ಅವರು ಕಲಿಸಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಒದ್ದೆ ದುಪ್ಪಟಿಯನ್ನು ಮಲಗಿದವರು ಎಚ್ಚರವಾಗದಂತೆ ಎಳೆಯುವುದು, ನಾಚುವವರಿಗೆ ಬಟ್ಟೆ ಕಳಚುವಾಗ ಕಿಟಕಿಯಾಚೆಯ ಮಾತಾಡುವುದು, ತಿನ್ನುವುದಿಲ್ಲವೆಂದು ಹಟ ಹಿಡಿದ ಮುದುಕನ ಎದುರು ತಾವೇ ಒಂದು ಚಮಚ ತಿಂದು "ಅಯ್ಯೋ, ಚೆನ್ನಾಗಿಲ್ಲ ಬಿಡಿ, ಬೇಡ ನಿಮಗೆ," ಎಂದು ತಟ್ಟೆ ಎತ್ತಿಕೊಳ್ಳಹೋಗುವುದು. ಆಗ ಮುದುಕ ಕೈ ಚಾಚುತ್ತಿದ್ದ. ಅವರ ಕೈ ಒಬ್ಬರ ಮೈ ಮೇಲೆ ಹರಿದರೆ ಆ ಕೈ ಓದುತ್ತಿದೆ ಎಂದು ನೋಡುವವರಿಗೇ ತಿಳಿಯುತ್ತಿತ್ತು.

"ಒಂಬತ್ತು ಸರಿ ಇಲ್ಲ ಕಣೇ," ಎಂದರು ಬಿಸಿಗೈಯಕ್ಕ, ಬೋಗುಣಿ ಕೆಳಗಿಡುತ್ತ.

"ಏನಾಗಿದೆ?"

"ಏನೂ ಆಗಿಲ್ಲ. ಅದೇ ಸರಿ ಇಲ್ಲ. ನಿನ್ನೆ ಮೈ ಒರೆಸೋವಾಗ ನನ್ನ ನೀರು ತಣ್ಣಗೆ ಅಂದ, ಟವೆಲ್ ಒರಟು ಅಂದ, ನಾನು ಗೇರ್ ಬದಲಾಯಿಸೋಕ್ ಲಾಯಕ್ಕಿಲ್ಲ ಅಂದ. ಇವತ್ತು ಏನ್ ಮಾಡಿದ್ರೂ ಸುಮ್ನೆ ಮಾಡಿಸ್ಕೊಂಡ. ಬಲಗಾಲು ಮಾತ್ರ ಒತ್ತುತ್ತಾ ಇದಾನೆ, ಹೀಗೆ, ಬ್ರೇಕ್ ಒತ್ತೋ ಹಾಗೆ. ಮಂಡಿ ತಣ್ಣಗಿದೆ, ಅಲ್ಲಿ ಚರ್ಮ ಬಣ್ಣ ಬಿಟ್ಟ ಬಟ್ಟೆ ಥರ ಆಗಿದೆ."

ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷ. ಅವಳ ಕೈಯಲ್ಲಿ ಪಟ್ಟಿ ಇತ್ತು. ಪಟ್ಟಿಯಲ್ಲಿ ಎಲ್ಲವೂ ಸರಿ ಇತ್ತು. "ಅಂಕಿ ಎಲ್ಲ ಸರಿ ಇದೆಯಲ್ಲಕ್ಕ," ಎಂದಳು. ದನಿ ತನ್ನದಲ್ಲ ಎನ್ನಿಸಿತು. ಸ್ವಲ್ಪ ನಯ, ಸ್ವಲ್ಪ ಅವಸರ, ಮಾತು ಮುಗಿಯುವ ಮೊದಲೇ ಮುಂದಿನ ಬೆಡ್ಡಿನ ಕಡೆ ತಿರುಗಿದ ಕತ್ತು; ಆ ದನಿಯನ್ನು ಅವಳು ಹನ್ನೊಂದು ವರ್ಷ ಕೇಳಿಸಿಕೊಂಡಿದ್ದಳು.

ಬಿಸಿಗೈಯಕ್ಕನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. "ಸರಿ ಸಿಸ್ಟರ್," ಎಂದು ಬೋಗುಣಿ ಎತ್ತಿಕೊಂಡರು.

ಅರೆನಿಮಿಷದ ಹಿಂದೆ 'ಕಣೇ' ಇತ್ತು, ಈಗ 'ಸಿಸ್ಟರ್'. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಅವಳು ಪಟ್ಟಿ ಹಿಡಿದು ನಿಂತೇ ಇದ್ದಳು, ಆದರೆ ನಿಂತದ್ದು ಈ ಬೆಳಗಿನಲ್ಲಲ್ಲ, ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನದಲ್ಲಿ. ಇದೇ ಓಣಿ. ಬಿಸಿಗೈಯಕ್ಕ ಯಾವುದೋ ರೋಗಿಯ ಕಾಲು ಊದಿದ್ದರ ಬಗ್ಗೆ ರಿಜಿಸ್ಟರ್ಡ್ ನರ್ಸೊಬ್ಬಳಿಗೆ ಹೇಳಿದರು. ಅವಳು, ಇಪ್ಪತ್ತನಾಲ್ಕರ ಹುಡುಗಿ, ಬರೆಯುತ್ತಿದ್ದುದರಿಂದ ತಲೆ ಎತ್ತದೆ, "ಅಕ್ಕ, ನೀವು ದುಪ್ಪಟಿ ನೋಡ್ಕೊಳ್ಳಿ, ಕಾಲು ನಾನು ನೋಡ್ಕೋತೀನಿ," ಎಂದಿದ್ದಳು. ಚುರುಕಾದ ಮಾತು; ಸುತ್ತ ನಿಂತವರು ನಕ್ಕರು. ಬೂದು ಅಂಗಿಯಲ್ಲಿ ದುಪ್ಪಟಿಯ ಇನ್ನೊಂದು ತುದಿ ಹಿಡಿದು ನಿಂತಿದ್ದ ಇವಳೂ ನಕ್ಕಳು. ಹಲ್ಲು ಕಾಣುವಂತೆ ಅಲ್ಲ, ತುಟಿಯ ಒಂದು ಬದಿಯಲ್ಲಿ. ನಕ್ಕದ್ದು ಯಾಕೆಂದು ಅಂದೇ ಅವಳಿಗೆ ಗೊತ್ತಿತ್ತು: ಆ ಮಾತು ಆಡುವವರ ಕಡೆ ತಾನು ನಿಲ್ಲಬೇಕೆಂಬ ಆಸೆ, ಕೇಳಿಸಿಕೊಳ್ಳುವವರ ಕಡೆ ಅಲ್ಲ. ಆ ವಾರವೇ ಕಾಲೇಜಿನ ಅರ್ಜಿ ತರಿಸಿದ್ದಳು. ಜನರಿಗೆ ಹೇಳಿದ ಕಾರಣಗಳು ಬೇರೆ, ಎಲ್ಲವೂ ನಿಜವೇ. ಬೇರಿನಲ್ಲಿ ಇದ್ದದ್ದು ಆ ಅರ್ಧ ನಗೆ.

ಅವಳು ಗಾಡಿಯನ್ನು ಓಣಿಯ ನಡುವೆಯೇ ಬಿಟ್ಟು ಒಂಬತ್ತನೇ ಬೆಡ್ಡಿಗೆ ಹೋದಳು. ಡ್ರೈವರ್ ಕಣ್ಣು ಬಿಟ್ಟೇ ಮಲಗಿದ್ದ. "ಹೇಗಿದೀರಿ?" ಎಂದರೆ "ಹ್ಞೂ, ಸ್ಟಾಪ್ ಬಂತು," ಎಂದ. ಹೊದಿಕೆಯ ಕೆಳಗೆ ಬಲಗಾಲು ಮೆಲ್ಲಗೆ ಮುಂದೆ ಹೋಗಿ ಬರುತ್ತಿತ್ತು. ಅವಳು ಅಂಗೈ ಉಜ್ಜಿಕೊಂಡು ಅವನ ಮಂಡಿ ಮುಟ್ಟಿದಳು. ತಣ್ಣಗೆ, ಜಾಲರಿ ಬಿದ್ದಂತೆ ನೀಲಿ ಗೆರೆಗಳು. ಗಡಿಯಾರ ನೋಡಿ ಎಣಿಸಲು ತೊಡಗಿದಳು. ಆರು, ಏಳು. ಬೆಡ್ಡಿನ ಪಾದದ ಬಳಿ ಯಾರೋ ಬಂದು ನಿಂತರು, ಬೂಟು ಸದ್ದು ಮಾಡಲಿಲ್ಲ. ಹನ್ನೆರಡು. ತಿರುಗಿ ನಮಸ್ಕಾರ ಹೇಳಬೇಕು, ಪರೀಕ್ಷೆಯ ಮೊದಲ ಅಂಕವೇ ಅದಕ್ಕೆ. ಹದಿನೈದು, ಹದಿನಾರು. ಹದಿನೆಂಟು ಬಂದಾಗ ಸೆಕೆಂಡಿನ ಮುಳ್ಳಿಗೆ ಇನ್ನೂ ಎಷ್ಟೋ ದಾರಿ ಇತ್ತು. ಅವಳು ಕಣ್ಣನ್ನು ಅವನ ಎದೆಯಿಂದ ಕದಲಿಸಲಿಲ್ಲ. ಇಪ್ಪತ್ತೊಂಬತ್ತು.

ವಾರ್ಡಿನ ಹೊಣೆ ಹೊತ್ತ ಸಿಸ್ಟರ್ ಫೋನಿನಲ್ಲಿದ್ದರು. ಬೆರಳೆತ್ತಿ ತಾಳು ಎಂದರು. ಅವಳು ತಾಳಲಿಲ್ಲ. "ಒಂಬತ್ತನೇ ಬೆಡ್ಡು, ಉಸಿರು ಇಪ್ಪತ್ತೊಂಬತ್ತು, ಮಂಡಿ ತಣ್ಣಗೆ, ಮಾತು ತಪ್ಪುತ್ತಿದೆ. ಡಾಕ್ಟರ್ ಬೇಕು."

"ಒಂಬತ್ತೂವರೆಗೆ ರೌಂಡ್ಸಿಗೆ ಬರ್ತಾರಲ್ಲ."

"ಈಗ ಬೇಕು ಸಿಸ್ಟರ್."

ಸಿಸ್ಟರ್ ಅವಳ ತೋಳಿನ ಪಟ್ಟಿ ನೋಡಿದರು, ಹಿಂದೆ ನಿಂತಿದ್ದ ಕೆಂಪುಪೆನ್ನನ್ನು ನೋಡಿದರು, ಫೋನಿನಲ್ಲಿದ್ದವರಿಗೆ ಆಮೇಲೆ ಮಾತಾಡ್ತೀನಿ ಎಂದರು.

ಮುಂದೆಲ್ಲ ಬೇಗ ಬೇಗ ನಡೆಯಿತು. ಎಳೆಯ ಸರ್ಜನ್ ಬಂದವನು ನಗುತ್ತಲೇ ಬಂದ. ಡ್ರೈವರನ ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿದ ಮೇಲೆ ನಗು ಹೋಯಿತು. ಒಳಗೆ ಹಾಕಿದ್ದ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು, ಕರುಳಿನದು ಹೊಟ್ಟೆಯೊಳಗೆ ಸೋರುತ್ತಿತ್ತು, ವಿಷ ರಕ್ತಕ್ಕೆ ಏರತೊಡಗಿತ್ತು. ನಲವತ್ತು ನಿಮಿಷದಲ್ಲಿ ಅವನನ್ನು ಮತ್ತೆ ಆಪರೇಷನ್ನಿಗೆ ಒಯ್ದರು. ಲಿಫ್ಟಿನ ಬಾಗಿಲು ಮುಚ್ಚಿದಾಗಲೂ ಆ ಬಲಗಾಲು ಬ್ರೇಕು ಒತ್ತುತ್ತಲೇ ಇತ್ತು.

ಹನ್ನೊಂದೂವರೆಗೆ ಸರ್ಜನ್ ಮೇಲೆ ಬಂದು, ಉಳ್ಕೊಂಡ ಅನ್ಸತ್ತೆ ಎಂದು ಹೇಳಿದ. "ಯಾರು ಕಂಡಿದ್ದು? ಇನ್ನೆರಡು ಗಂಟೆ ಬಿಟ್ಟಿದ್ರೆ ನಾವು ಮಾಡೋದು ಏನೂ ಇರ್ತಿರ್ಲಿಲ್ಲ." ಸಿಸ್ಟರ್ ಅವಳ ಭುಜದ ಮೇಲೆ ಕೈಯಿಟ್ಟು, "ಇವ್ಳೇ, ನಮ್ಮ ಸ್ಟೂಡೆಂಟು," ಎಂದರು. ಅವಳು ಬಾಯಿ ತೆರೆದಳು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಎರಡಕ್ಷರ. ಆ ಎರಡಕ್ಷರದಷ್ಟು ಜಾಗ ಮಾತಿನ ನಡುವೆ ಸಿಗಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸಿಸ್ಟರ್ ಹಾಳೆ ಮುಂದೆ ಚಾಚಿದರು. ರೋಗಿಯ ಸ್ಥಿತಿ ಬಿಗಡಾಯಿಸಿದಾಗ ತುಂಬುವ ಹಾಳೆ ಅದು. ಕೊನೆಯ ಸಾಲಿನಲ್ಲಿ 'ಗಮನಿಸಿದವರು' ಎಂದಿತ್ತು, ಎದುರಿಗೆ ಖಾಲಿ ಜಾಗ. ಸಿಸ್ಟರ್ ಬೆರಳಿಟ್ಟು ತೋರಿಸಿದಲ್ಲಿ ಅವಳು ಸಹಿ ಮಾಡಿದಳು. ಓಣಿಯ ಆ ತುದಿಯಲ್ಲಿ ಬಿಸಿಗೈಯಕ್ಕ ಒಂಬತ್ತನೇ ಬೆಡ್ಡಿನ ಹಾಸಿಗೆಯನ್ನು ಸೋಪಿನ ನೀರಿನಿಂದ ಒರೆಸುತ್ತಿದ್ದರು. ಎಳೆಯುವ ಮಂಡಿಯನ್ನು ಮಂಚದ ಕಬ್ಬಿಣಕ್ಕೆ ಆನಿಸಿ, ಇತ್ತ ನೋಡದೆ.

ಅಂದು ಊಟಕ್ಕೆ ಬಲಗಡೆಯ ಕೋಣೆಯವರೇ ಕರೆದರು. "ಬಾ, ಇಲ್ಲಿ ಕೂತ್ಕೋ." ಕುರ್ಚಿ ಎಳೆದುಕೊಟ್ಟರು, ಯಾರೋ ಟೀ ಬಗ್ಗಿಸಿದರು. ಹದಿಮೂರು ದಿನ ಕಾದ ಕುರ್ಚಿ. ಅವಳು ಡಬ್ಬಿ ಬಿಚ್ಚಿದಳು. ಒಂದು ತುತ್ತು ತಿಂದು ಮತ್ತೆ ಮುಚ್ಚಿಟ್ಟು ಎದ್ದಳು. ಹೊರಗೆ ಬಂದರೆ ಬಾಗಿಲಲ್ಲೇ ಡ್ರೈವರನ ಹೆಂಡತಿ. ಸುದ್ದಿ ತಿಳಿದು ಕೆಲಸದ ಅಂಗಿಯಲ್ಲೇ ಓಡಿಬಂದವಳು. "ನೀವೇ ಅಂತೆ," ಎಂದು ಅವಳ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ತನ್ನ ಕೈಯನ್ನು ಇನ್ನೊಬ್ಬರ ಹಣೆಯ ಮೇಲೆ ನೋಡುತ್ತ ಅವಳಿಗೆ ತಡೆಯಲಾಗದ ನಾಚಿಕೆ ಬಂತು. ಈ ಕೈ ಹದಿನೆಂಟು ಬರೆದದ್ದು. ಬಿಸಿಗೈಯಕ್ಕ ಆ ಬೋಗುಣಿ ಕೆಳಗಿಡದೆ ಮುಂದೆ ಹೋಗಿದ್ದರೆ, ಈ ಹೆಂಗಸು ಈ ಹೊತ್ತಿಗೆ ಇದೇ ಗೋಡೆಗೆ ಒರಗಿ ಬೇರೆ ರೀತಿ ಅಳುತ್ತಿರುತ್ತಿದ್ದಳು, ಮತ್ತು ಪಟ್ಟಿಯಲ್ಲಿ ಎಲ್ಲವೂ ಸರಿ ಇರುತ್ತಿತ್ತು.

ಕೆಂಪುಪೆನ್ನು ಉಪಕರಣಗಳ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದರು. ಅವಳು ಬಾಗಿಲು ಮುಚ್ಚಿಕೊಂಡು, ನಿಂತಲ್ಲೇ, ಒಂದೇ ಉಸಿರಿಗೆ ಹೇಳಿದಳು. ಮೊದಲು ಕಂಡದ್ದು ಬಿಸಿಗೈಯಕ್ಕ. ಅಂಕಿ ಸರಿ ಇದೆ ಎಂದದ್ದು ತಾನು. ಬೆಳಗಿನ ಆ ಹದಿನೆಂಟು ಎಣಿಸಿದ್ದಲ್ಲ.

ಮೇಡಂ ಕನ್ನಡಕ ತೆಗೆದರು. "ಎಷ್ಟು ಜನಕ್ಕೆ ಹಾಗೆ ಬರೆದ್ರಿ?"

"ಆರು ಜನಕ್ಕೂ."

"ಇನ್ನೂ ಐದು ಜನ ಅಲ್ಲೇ ಮಲಗಿದಾರೆ."

ಅವಳಿಗೆ ಅರ್ಥವಾಗಲಿಲ್ಲ.

"ಹೋಗಿ ಎಣಿಸಿ ಬನ್ನಿ. ಆಮೇಲೆ ಮಾತಾಡೋಣ."

ಐದು ಬೆಡ್ಡು, ಐದು ನಿಮಿಷ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹೊದಿಕೆಗಳ ಮೇಲೆ ಬಿದ್ದಿತ್ತು. ಒಬ್ಬೊಬ್ಬರ ಮುಂದೆಯೂ ಅವಳು ಪೂರ್ತಿ ಒಂದು ನಿಮಿಷ ನಿಂತಳು. ಹದಿನಾಲ್ಕು ವರ್ಷದಲ್ಲಿ ಯಾರ ಮುಂದೆಯೂ ಅಷ್ಟು ಹೊತ್ತು ಏನೂ ಮಾಡದೆ ನಿಂತಿರಲಿಲ್ಲ. ನಿದ್ದೆ ಹೋಗಿದ್ದ ಮುದುಕನೊಬ್ಬನ ಎದೆ ಏರುವ ಮೊದಲು ಒಂದು ಕ್ಷಣ ಯೋಚಿಸುವಂತೆ ನಿಲ್ಲುತ್ತಿತ್ತು. ಇಷ್ಟು ದಿನ ಅವಳು ಅದನ್ನು ನೋಡಿರಲಿಲ್ಲ. ಹದಿನಾರು, ಇಪ್ಪತ್ತು, ಹದಿನಾಲ್ಕು, ಹದಿನೇಳು. ಕೊನೆಯ ಹೆಂಗಸಿನದು ನಿಜಕ್ಕೂ ಹದಿನೆಂಟೇ. ಅವಳಿಗೆ ಅಳು ಬಂತೋ ನಗು ಬಂತೋ.

"ಇವತ್ತಿನದನ್ನ ಪಾಸ್ ಮಾಡೋಕಾಗಲ್ಲ ನಂಗೆ," ಎಂದರು ಮೇಡಂ, ದನಿಯಲ್ಲಿ ಏರಿಳಿತ ಇಲ್ಲದೆ. "ನಾಲ್ಕು ವಾರ ಆದ್ಮೇಲೆ ಮತ್ತೆ. ನಿಮ್ಮ ಜೊತೆಯವರೆಲ್ಲ ಆ ಹೊತ್ತಿಗೆ ಮುಗಿಸಿ ಹೋಗಿರ್ತಾರೆ."

"ಗೊತ್ತು ಮೇಡಂ."

"ಗೊತ್ತಿದ್ದೂ ಹೇಳಿದ್ರಿ." ಅದು ಪ್ರಶ್ನೆಯೋ ಹೊಗಳಿಕೆಯೋ ತಿಳಿಯಲಿಲ್ಲ. ಮೇಡಂ ಆಗಲೇ ತಲೆ ಬಗ್ಗಿಸಿ ಬರೆಯುತ್ತಿದ್ದರು.

ಅವಳು ನೇರ ಸಿಸ್ಟರ್ ಮೇಜಿಗೆ ಹೋಗಿ ಆ ಹಾಳೆ ಕೇಳಿದಳು. ತನ್ನ ಸಹಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬಿಸಿಗೈಯಕ್ಕನ ನಿಜವಾದ ಹೆಸರು ಬರೆದಳು. ಅದನ್ನು ಬರೆಯುವಾಗ, ಅವರ ಪೂರ್ತಿ ಹೆಸರನ್ನು ತಾನು ಬರೆಯುತ್ತಿರುವುದು ಇದೇ ಮೊದಲ ಸಲ ಎಂದು ಹೊಳೆಯಿತು. ಸಿಸ್ಟರ್ ಗಾಬರಿಯಾದರು. "ಅಯ್ಯೋ, ಅಲ್ಲಿ ಪ್ರಾಕ್ಟಿಕಲ್ ನರ್ಸುಗಳ ಹೆಸ್ರು ಬರೆಯಲ್ಲಮ್ಮ."

"ಗಮನಿಸಿದವರು ಅಂತಿದೆ ಸಿಸ್ಟರ್. ಯಾರು ಅಂತ ಬರೆದಿಲ್ಲ."

ಸಿಸ್ಟರ್ ಹಾಳೆಯನ್ನು ಎರಡು ಸಲ ಓದಿದರು. ಹುಡುಕುತ್ತಿದ್ದುದು ಸಿಗಲಿಲ್ಲವೆಂಬಂತೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಕಡತಕ್ಕೆ ಸೇರಿಸಿದರು.

ಬಿಸಿಗೈಯಕ್ಕ ಬಟ್ಟೆ ಕೋಣೆಯಲ್ಲಿದ್ದರು, ಒಗೆದು ಬಂದ ದುಪ್ಪಟಿಗಳ ಗುಡ್ಡದ ಮುಂದೆ. ಸುದ್ದಿಗೆ ಕಾಲಿಲ್ಲದಿದ್ದರೂ ಅವಳಿಗಿಂತ ಮೊದಲೇ ಅಲ್ಲಿ ತಲುಪಿತ್ತು.

"ಹುಚ್ಚಿ," ಎಂದರು, ತಿರುಗದೆ. "ಯಾರ್ ಕೇಳಿದ್ರು ನಿನ್ನ? ನಾಲ್ಕು ವಾರ ಅಂತೆ. ಮಗು ಬಿಟ್ಟು, ಮನೆ ಬಿಟ್ಟು, ಇನ್ನೂ ನಾಲ್ಕು ವಾರ."

"ನೀವು ಕಂಡಿದ್ದು, ನನ್ನ ಹೆಸ್ರಲ್ಲಿ..."

"ನಾನು ಕಂಡಿದ್ದು ಏನು? ಸರಿ ಇಲ್ಲ ಅಂತ. ಮೂವತ್ತು ವರ್ಷದಿಂದ ಹೇಳ್ತಾನೇ ಇದೀನಿ, ಇದು ಸರಿ ಇಲ್ಲ, ಅದು ಸರಿ ಇಲ್ಲ ಅಂತ. ಎಷ್ಟು ಜನ ಓಡಿಬಂದ್ರು? ಇವತ್ತು ಆ ಸಿಸ್ಟರ್ ಫೋನ್ ಇಟ್ಟಿದ್ದು ಯಾವುದಕ್ಕೆ?"

ಅವಳು ಗುಡ್ಡದಿಂದ ಜಾರಿದ ದುಪ್ಪಟಿಯೊಂದನ್ನು ಎತ್ತಿ ಮೇಲಿಟ್ಟಳು.

"ಹೇಳು, ಯಾವುದಕ್ಕೆ?"

"ಇಪ್ಪತ್ತೊಂಬತ್ತಕ್ಕೆ."

"ಮತ್ತೆ! ಸರಿ ಇಲ್ಲ ಅನ್ನೋದು ನಂಗೆ ಬರತ್ತೆ. ಇಪ್ಪತ್ತೊಂಬತ್ತು ಅನ್ನೋದು ನಿಂಗೆ ಬರತ್ತೆ. ಅದಕ್ಕೇ ನಿನ್ನ ಓದು ಹೋಗು ಅಂದಿದ್ದು."

"ನೀವು ಯಾವಾಗ ಅಂದ್ರಿ?"

ಬಿಸಿಗೈಯಕ್ಕ ಸ್ವಲ್ಪ ಯೋಚಿಸಿದರು. "ಅಂದಿರ್ಲಿಲ್ಲ. ಅನ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀನೇ ಹೋದೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕೋಣೆ ಮೊದಲಿಗಿಂತ ಚಿಕ್ಕದಾಯಿತು. ಅವಳಿಗೆ ಈಗ ಹೇಳದಿದ್ದರೆ ಎಂದಿಗೂ ಹೇಳಲಾರೆ ಎನ್ನಿಸಿ, "ಅಕ್ಕ, ಆವತ್ತು, ಆ ಹುಡುಗಿ ನಿಮ್ಮನ್ನ ದುಪ್ಪಟಿ ನೋಡ್ಕೊಳ್ಳಿ ಅಂದಾಗ," ಎಂದು ತೊಡಗಿದಳು. "ನಾನೂ ನಕ್ಕಿದ್ದೆ."

"ನೋಡಿದ್ದೆ."

ಅಷ್ಟೇ. ಮುಂದೆ ಇನ್ನೇನೋ ಬರುತ್ತದೆಂದು ಅವಳು ಕಾದಳು: ಬೈಗುಳವೋ, ಇರಲಿ ಬಿಡು ಎಂಬ ಮಾತೋ. ಎರಡೂ ಬರಲಿಲ್ಲ. ನಾಲ್ಕು ವರ್ಷ ಆ ಅರ್ಧ ನಗೆಯನ್ನು ಈ ಹೆಂಗಸು ತನ್ನೊಳಗೆ ಇಟ್ಟುಕೊಂಡಿದ್ದರು. ಇಟ್ಟುಕೊಂಡೇ ಅವಳ ಮಗಳಿಗೆ ಜ್ವರ ಬಂದಾಗ ಅವಳ ಪಾಳಿ ತಾವು ಮಾಡಿದ್ದರು, ಕಾಲೇಜಿಗೆ ಹೊರಟ ದಿನ ಬಾಗಿಲತನಕ ಬಂದಿದ್ದರು, ಇವತ್ತು ಬೆಳಿಗ್ಗೆ 'ಕಣೇ' ಎಂದಿದ್ದರು. ಕ್ಷಮೆ ಎನ್ನುವುದು ಹೇಳುವ ಮಾತೆಂದೇ ಅವಳು ತಿಳಿದಿದ್ದಳು.

ಬಿಸಿಗೈಯಕ್ಕ ದೊಡ್ಡ ದುಪ್ಪಟಿಯೊಂದನ್ನು ಕೊಡವಿ ಅದರ ಎರಡು ತುದಿ ಅವಳತ್ತ ಎಸೆದರು. "ಹಿಡ್ಕೋ. ನೀನು ಹೋದ್ಮೇಲೆ ಇದನ್ನ ಒಬ್ಳೇ ಮಡಚಿ ಸಾಕಾಗಿದೆ." ಅವಳು ಹಿಡಿದಳು. ಬಿಳಿ ಅಂಗಿಯ ತೋಳು ಮೇಲಕ್ಕೆ ಸರಿಯಿತು. ಇಬ್ಬರೂ ಹಿಂದೆ ಸರಿದು ಬಟ್ಟೆ ಬಿಗಿ ಮಾಡಿದರು, ಮುಂದೆ ಬಂದು ತುದಿಗೆ ತುದಿ ಸೇರಿಸಿದರು, ಮತ್ತೆ ಸರಿದರು. ಗುಡ್ಡ ಮುಗಿಯುವತನಕ ಹಾಗೇ ಮಡಚಿದರು.

ಮನೆಯಲ್ಲಿ ಸುದ್ದಿ ಕೇಳಿ ಗಂಡ ಕ್ಯಾಲೆಂಡರಿನಲ್ಲಿ ಮುಂದಿನ ನಾಲ್ಕು ವಾರ ಎಣಿಸುತ್ತ ಕೂತ. ಮಗಳು ಮಾತ್ರ ಇನ್ನೂ ಒಂದು ತಿಂಗಳು ಪ್ರಶ್ನೆ ಕೇಳಬಹುದೆಂದು ಕುಣಿದಳು. ಅತ್ತೆ ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡು, "ಆ ಡ್ರೈವರು ಬದುಕಿದ್ನಾ?" ಎಂದರು. ಬದುಕಿದ ಎಂದಳು. "ಮತ್ತೆ ಫೇಲ್ ಯಾಕೆ ಅಂತೀರಿ," ಎಂದು ಒಳಗೆ ಹೋದರು. ಮೂರು ವರ್ಷದಲ್ಲಿ ಅತ್ತೆ ಅವಳ ಓದಿನ ಪರವಾಗಿ ಆಡಿದ ಮೊದಲ ಮಾತು ಅದು.

ನಾಲ್ಕು ವಾರ ಕಳೆಯಿತು. ಡ್ರೈವರ್ ಹನ್ನೊಂದು ದಿನ ಬೇರೆ ವಾರ್ಡಿನಲ್ಲಿದ್ದು ಮೇಲೆ ಬಂದು, ಊಟವನ್ನೂ ಹಾಸಿಗೆಯನ್ನೂ ಸರ್ಕಾರವನ್ನೂ ಬೈದು, ಮನೆಗೆ ಹೋಗಿದ್ದ. ಕೆಂಪುಪೆನ್ನು ಮತ್ತೆ ಎಂಟು ಗಂಟೆಗೆ ಬಂದರು, ಮತ್ತೆ ಸದ್ದಿಲ್ಲದೆ ಹಿಂದೆ ನಡೆದರು. ಹತ್ತು ಗಂಟೆಗೆ ನಾಲ್ಕನೇ ಬೆಡ್ಡಿನ ಬಳಿ ನಿಂತರು. ಬೆಡ್ಡು ಖಾಲಿ ಇತ್ತು; ನಿನ್ನೆ ಸಂಜೆ ಬಂದು ಸೇರಿದ್ದ, ಪಿತ್ತಕೋಶದಲ್ಲಿ ಕಲ್ಲಾದ ವೃದ್ಧೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಲೆ ತೊಳೆಯಲು ಒಯ್ದಿದ್ದರು. ಮೇಡಂ ಪಟ್ಟಿಯನ್ನು ಅವಳ ಕೈಗೆ ಕೊಟ್ಟರು.

"ಈ ರೋಗಿ ನಿಮಗೆ ಹೊಸಬರು. ನಾಳೆ ಆಪರೇಷನ್. ಇವರ ಸ್ಥಿತಿ ಅಂದಾಜು ಮಾಡೋಕೆ ಮೊದಲು ಏನ್ ಮಾಡ್ತೀರಿ?"

ಉತ್ತರ ಅವಳಿಗೆ ಗೊತ್ತಿತ್ತು. ಪುಸ್ತಕದ ಇನ್ನೂರ ಹನ್ನೊಂದನೆಯ ಪುಟ, ಕ್ರಮವಾಗಿ ಏಳು ಅಂಶ. ಮಗಳು ನಿನ್ನೆ ರಾತ್ರಿ ಅದನ್ನೇ ಎರಡು ಸಲ ಕೇಳಿದ್ದಳು. ಅವಳು ಖಾಲಿ ಬೆಡ್ಡನ್ನು ನೋಡಿದಳು, ದಿಂಬಿನಲ್ಲಿ ಉಳಿದಿದ್ದ ತಲೆಯ ಗುಳಿಯನ್ನು ನೋಡಿದಳು.

"ಇವರಿಗೆ ಸ್ನಾನ ಮಾಡಿಸ್ತಿರೋರನ್ನ ಕೇಳ್ತೀನಿ ಮೇಡಂ."

ಪೆನ್ನು ಹಾಳೆಯ ಮೇಲೆ ನಿಂತಿತು.

"ಆಮೇಲೆ?"

"ಆಮೇಲೆ ಎಣಿಸ್ತೀನಿ."

"ಕರೀರಿ ಅವರನ್ನ," ಎಂದರು ಮೇಡಂ.

ಸ್ನಾನದ ಕೋಣೆಯಲ್ಲಿ ಹಬೆ ತುಂಬಿತ್ತು. ಬಿಸಿಗೈಯಕ್ಕ ರಬ್ಬರಿನ ಏಪ್ರನ್ ಕಟ್ಟಿ, ವೃದ್ಧೆಯ ಕತ್ತನ್ನು ಒಂದು ಅಂಗೈಯಲ್ಲಿ ಹೊತ್ತುಕೊಂಡು, ಇನ್ನೊಂದು ಕೈಯ ಬೆರಳ ತುದಿಗಳಿಂದ ನೊರೆ ಹಚ್ಚುತ್ತಿದ್ದರು. ಮುದುಕಿ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದಳು.

"ಮೇಡಂ ಕರೀತಿದಾರೆ ಅಕ್ಕ, ಈ ಅಮ್ಮನ ವಿಷಯ ಕೇಳೋಕೆ."

"ಈಗಾ?" ಬಿಸಿಗೈಯಕ್ಕ ತಲೆ ಎತ್ತಲೂ ಇಲ್ಲ. "ತಲೆ ತುಂಬ ಸೋಪಿದೆ, ಕಣ್ಣಿಗಿಳಿಯತ್ತೆ. ಹೀಗೇ ಬಿಟ್ಟು ಬರೋಕಾಗತ್ತಾ? ಬೇಕಿದ್ರೆ ಅವರಿಗೇ ಬರೋಕೆ ಹೇಳು."

ಇದನ್ನು ಹೋಗಿ ಹೇಗೆ ಹೇಳುವುದೆಂದು ಅವಳು ತಿರುಗಿದರೆ, ಹೇಳಬೇಕಾಗಿರಲಿಲ್ಲ. ಮೇಡಂ ಬಾಗಿಲಲ್ಲೇ ನಿಂತಿದ್ದರು. ಕನ್ನಡಕಕ್ಕೆ ಹಬೆ ಹಿಡಿದಿತ್ತು. ಅದನ್ನು ತೆಗೆದು ಎದೆಯ ಮೇಲೆ ಇಳಿಬಿಟ್ಟರು. ಒಳಗೆ ನೆಲದ ತುಂಬ ನೀರು. ಒಂದು ಕ್ಷಣ ನೀರನ್ನು ನೋಡಿದರು, ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟು, ಗೋಡೆ ಹಿಡಿದು ಬಗ್ಗಿ ಬೂಟು ಕಳಚಿದರು, ಎರಡನ್ನೂ ಹೊಸಿಲಾಚೆ ಜೋಡಿಸಿಟ್ಟರು. ಕಾಲುಚೀಲ ಒದ್ದೆಯಾಗುತ್ತಿದ್ದರೂ ಲೆಕ್ಕಿಸದೆ ಗಾಲಿಕುರ್ಚಿಯವರೆಗೆ ನಡೆದು ಬಂದು, ಮುದುಕಿಯ ಎದುರು ಕುಕ್ಕರುಗಾಲಲ್ಲಿ ಕೂತು, ಬಿಸಿಗೈಯಕ್ಕನತ್ತ ಮುಖ ಎತ್ತಿದರು.

"ಹೇಳಿ ಅಕ್ಕ," ಎಂದರು. "ಇವರು ಹೇಗಿದಾರೆ?"